ವಾಯಿದೆ ಬಿದ್ದ ಅರ್ಜಿ

ಡಿಸೆಂಬರಿನಲ್ಲಿ ನ್ಯೂಜೆರ್ಸಿಯ ಸಂಜೆ 7 ಗಂಟೆ ಅಂದರೆ ಹಾಸನದಲ್ಲಿ ಮರುದಿನ ಬೆಳಗಿನ ಐದೂವರೆ. ಈ ಗುರುವಾರ ಆ ಹೊತ್ತಿಗೆ ಅಜ್ಜ ಅಲ್ಲಿ ಸ್ನಾನ ಮುಗಿಸಿ, ಫೋನನ್ನು ಕಾಫಿಪುಡಿ ಡಬ್ಬಕ್ಕೆ ಒರಗಿಸಿಕೊಂಡು ಕೂತಿದ್ದರು. ಇಲ್ಲಿ ಊಟದ ಮೇಜಿನ ಮೇಲೆ ಮೊಮ್ಮಗಳ ಲ್ಯಾಪ್‌ಟಾಪು, ಪಕ್ಕದಲ್ಲಿ ಅಜ್ಜನ ವಿಡಿಯೋ ಕಾಲು, ಎದುರಿಗೆ ಸ್ಟ್ಯಾಂಡಿನ ಮೇಲೆ ಇನ್ನೊಂದು ಫೋನು. ಅದು ಅಪ್ಪನ ಏರ್ಪಾಡು. ಕಾಲೇಜು ಸೀಟಿನ ಫಲಿತಾಂಶದ ಪತ್ರವನ್ನು ಮಗಳು ತೆರೆಯುವ ಗಳಿಗೆ ರೆಕಾರ್ಡ್ ಆಗಬೇಕಿತ್ತಂತೆ. ಒಲೆಯ ಮೇಲೆ ಶಾವಿಗೆ ಪಾಯಸ.

ಪತ್ರ ಅನ್ನುವುದು ಈಗ ಹೆಸರಿಗಷ್ಟೇ. ದಪ್ಪ ಲಕೋಟೆ ಬಂದರೆ ಸೀಟು, ತೆಳ್ಳಗಿದ್ದರೆ ಇಲ್ಲ ಎಂದು ಅಂಚೆಪೆಟ್ಟಿಗೆಯ ಹತ್ತಿರವೇ ಗೊತ್ತಾಗುತ್ತಿದ್ದ ಕಾಲ ಹೋಯಿತು. ಅರ್ಜಿ ಹಾಕಿದ ಮೇಲೆ ಕಾಲೇಜು ತನ್ನ ಪೋರ್ಟಲ್‌ನ ಲಾಗಿನ್ ಕಳಿಸುತ್ತದೆ. ಶಾಲೆಯ ಟ್ರಾನ್ಸ್‌ಕ್ರಿಪ್ಟ್, ಟೀಚರ್‌ಗಳ ಶಿಫಾರಸು, ಕೌನ್ಸೆಲರ್ ವರದಿ, ಒಂದೊಂದರ ಮುಂದೆಯೂ ಬಂತು, ಬಂದಿಲ್ಲ ಎಂಬ ಗುರುತು. ಫಲಿತಾಂಶವೂ ಅಲ್ಲೇ. ಸೀಟು ಸಿಕ್ಕಿದ್ದರೆ ಎಷ್ಟೋ ಕಾಲೇಜುಗಳ ಪರದೆಯ ತುಂಬ ಬಣ್ಣದ ಕಾಗದದ ಚೂರು ಉದುರುತ್ತದೆ. ಯೇಲ್‌ನಲ್ಲಿ ಬುಲ್‌ಡಾಗ್ ನಾಯಿ ಹಾಡಿಬಿಡುತ್ತದೆ. ಈ ಹುಡುಗಿ ಒತ್ತಿದಾಗ ಏನೂ ಉದುರಲಿಲ್ಲ. ಬಿಳಿ ಪರದೆ, ಮೂರು ಸಣ್ಣ ಪ್ಯಾರಾ. ಓದುವ ಮುಂಚೆಯೇ ಮೇಜಿನ ಸುತ್ತ ಇದ್ದ ಎಲ್ಲರಿಗೂ ಅರ್ಧ ತಿಳಿದುಹೋಯಿತು, ಅಜ್ಜನೊಬ್ಬರನ್ನು ಬಿಟ್ಟು.

"ಏನಾಯ್ತೇ ಪುಟ್ಟಿ? ಬಂತಾ?"

"ಡಿಫರ್ ಅಂತೆ ಅಜ್ಜ."

"ಹಂಗಂದ್ರೆ? ಬಂತೋ, ಬರ್ಲಿಲ್ವೋ?"

"ಎರಡೂ ಅಲ್ಲ."

ಅಜ್ಜ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಒಂದು ಗಳಿಗೆ ಸುಮ್ಮನಿದ್ದು ಹೇಳಿದರು: "ಓ, ವಾಯಿದೆ ಹಾಕಿದಾರೆ ಅನ್ನು. ಕೇಸು ವಜಾ ಆಗಿಲ್ವಲ್ಲ!"

ಅಮ್ಮ ಎದ್ದು ಸ್ಟ್ಯಾಂಡಿನ ಮೇಲಿದ್ದ ಫೋನಿನ ರೆಕಾರ್ಡಿಂಗ್ ನಿಲ್ಲಿಸಿದರು. ಆ ಸಂಜೆ ದೊಡ್ಡವರು ಮಾಡಿದ ಕೆಲಸಗಳಲ್ಲಿ ಬುದ್ಧಿವಂತಿಕೆಯದು ಅದೊಂದೇ. ಅಪ್ಪ ಮಾತ್ರ ಪುಟವನ್ನು ಮೂರು ಸಲ ರಿಫ್ರೆಶ್ ಮಾಡಿದರು, ತಪ್ಪಾಗಿ ಬಂದಿರಬಹುದು ಎಂದು. ತಪ್ಪುಗಳು ಆಗಿರುವುದು ನಿಜ: 2009ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೀಟು ನಿರಾಕರಿಸಿದ್ದ ಸುಮಾರು 28,000 ಮಕ್ಕಳಿಗೂ ಸ್ವಾಗತದ ಇಮೇಲ್ ಕಳಿಸಿಬಿಟ್ಟು, ಆಮೇಲೆ ಕ್ಷಮೆ ಕೇಳಿತ್ತು. ಆದರೆ ಆ ತಪ್ಪು ಆದದ್ದು ಇಲ್ಲ ಎಂಬುದನ್ನು ಹೌದು ಎಂದು ಹೇಳಿ. ರಿಫ್ರೆಶ್ ಮಾಡಿದ್ದಕ್ಕೆ ಇಲ್ಲ ಎಂಬುದು ಹೌದಾಗುವುದಿಲ್ಲ.

ಡಿಫರಲ್‌ಗೆ ಅಪ್ಪ ಅಮ್ಮಂದಿರು ಹೇಳುವ ಮಾತು ಎರಡೇ. ಒಂದು, "ನಯವಾಗಿ ಬೇಡ ಅಂದಿದಾರೆ". ಇನ್ನೊಂದು, "ಮಾರ್ಚಿನಲ್ಲಿ ಗ್ಯಾರಂಟಿ". ಎರಡೂ ತಪ್ಪು. ಅಜ್ಜನ ವಾಯಿದೆಯೇ ಸರಿ. ನವೆಂಬರಿನಲ್ಲೇ ಮುಂಚಿತವಾಗಿ ಹಾಕಿದ ಅರ್ಜಿ ಮಾಮೂಲು, ಅಂದರೆ ರೆಗ್ಯುಲರ್ ಗುಂಪಿಗೆ ಹೋಗುತ್ತದೆ, ಜನವರಿಯಲ್ಲಿ ಬರುವ ಅರ್ಜಿಗಳ ಜೊತೆ ಮತ್ತೆ ಓದಿಸಿಕೊಳ್ಳುತ್ತದೆ. ವಾಯಿದೆ ಎಷ್ಟು ಧಾರಾಳವಾಗಿ ಸಿಗುತ್ತದೆ ಎನ್ನುವುದೂ ಕಾಲೇಜಿನಿಂದ ಕಾಲೇಜಿಗೆ ಬೇರೆ. ಹಾರ್ವರ್ಡ್ ಮುಂಚಿತವಾಗಿ ಅರ್ಜಿ ಹಾಕಿದ ಬಹುಪಾಲು ಮಕ್ಕಳನ್ನು ಮುಂದೂಡುತ್ತ ಬಂದಿದೆ. ಸ್ಟ್ಯಾನ್‌ಫರ್ಡ್ ಕೆಲವರನ್ನಷ್ಟೇ ಮುಂದೂಡಿ ಉಳಿದವರಿಗೆ ಡಿಸೆಂಬರಿನಲ್ಲೇ ಇಲ್ಲ ಅಂದುಬಿಡುತ್ತದೆ. ಹಾಗಾಗಿ ಪಕ್ಕದ ಮನೆಯ ಹುಡುಗನಿಗೆ ಬಂದ ಡಿಫರಲ್ಲಿಗೂ ಇವಳಿಗೆ ಬಂದದ್ದಕ್ಕೂ ಒಂದೇ ತೂಕವಲ್ಲ.

"ಮುಂದಿನ ವಾಯಿದೆ ಯಾವಾಗ?" ಅಜ್ಜನ ಎರಡನೆಯ ಪ್ರಶ್ನೆ. ಮಾರ್ಚ್ ಕೊನೆ ಅಂದಳು. "ಅಷ್ಟರೊಳಗೆ ಬೇರೆ ಕೋರ್ಟಿಗೆ ಹೋಗ್ಬೋದಾ?"

ಈ ಪ್ರಶ್ನೆಗೆ ಮನೆಯಲ್ಲಿ ಯಾರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ ಎನ್ನುವುದೇ ಆಶ್ಚರ್ಯ. ಅರ್ಲಿ ಡಿಸಿಷನ್‌ಗೆ ನವೆಂಬರ್ 1ಕ್ಕೆ ಅರ್ಜಿ ಹಾಕುವಾಗ ಮೂರು ಸಹಿ ಬೀಳುತ್ತವೆ: ವಿದ್ಯಾರ್ಥಿಯದು, ಪೋಷಕರದು, ಶಾಲೆಯ ಕೌನ್ಸೆಲರ್‌ದು. ಸೀಟು ಕೊಟ್ಟರೆ ಸೇರುತ್ತೇವೆ, ಉಳಿದ ಅರ್ಜಿಗಳನ್ನೆಲ್ಲ ವಾಪಸು ತೆಗೆದುಕೊಳ್ಳುತ್ತೇವೆ ಎಂಬ ಕರಾರು ಅದು. ಸೀಟು ಕೊಡದೆ ಮುಂದೂಡಿದ ಕ್ಷಣಕ್ಕೆ ಕರಾರು ಬಿಚ್ಚಿಹೋಗುತ್ತದೆ. ಮಾರ್ಚಿನಲ್ಲಿ ಅದೇ ಕಾಲೇಜು ಕರೆದರೂ ಹೋಗಲೇಬೇಕೆಂದಿಲ್ಲ, ಮೇ 1ರವರೆಗೆ ಯೋಚಿಸಬಹುದು. ಇನ್ನೊಂದು ಕಾಲೇಜಿಗೆ ಎರಡನೆಯ ಸುತ್ತಿನ ಅರ್ಲಿ ಡಿಸಿಷನ್ ಕೂಡ ಹಾಕಬಹುದು. ಅದರ ಗಡುವು ಸಾಮಾನ್ಯವಾಗಿ ಜನವರಿಯ ಮೊದಲ ವಾರದ ಆಸುಪಾಸು, ಉತ್ತರ ಫೆಬ್ರುವರಿಯಲ್ಲಿ. ಹಾಕಿದರೆ ಕರಾರು ಮತ್ತೆ ಕಟ್ಟುತ್ತದೆ. ನಿರಾಸೆಯ ವಾರದಲ್ಲಿ ಆ ಸಹಿ ಹಾಕುವವರೇ ಜಾಸ್ತಿ, ಹಾಕಬಾರದ ವಾರವೂ ಅದೇ.

ನಿಜವಾದ ಅಪಾಯ ಬೇರೆ ಕಡೆ ಇದೆ. "ಇದು ಬಂದ್ರೆ ಉಳಿದದ್ದು ಬರೆಯೋದೇ ಬೇಡ" ಎಂದು ಮಕ್ಕಳು ಉಳಿದ ಕಾಲೇಜುಗಳ ಪ್ರಬಂಧಗಳನ್ನು ಡಿಸೆಂಬರಿನವರೆಗೆ ಮುಟ್ಟುವುದಿಲ್ಲ. ಫಲಿತಾಂಶ ತಿಂಗಳ ಮಧ್ಯಕ್ಕೆ, ಹಲವು ಕಾಲೇಜುಗಳ ರೆಗ್ಯುಲರ್ ಗಡುವು ಜನವರಿ 1ರಿಂದ 5ರೊಳಗೆ. ಎಂಟು ಕಾಲೇಜು, ಒಂದೊಂದಕ್ಕೆ ಎರಡು ಮೂರು ಸಣ್ಣ ಪ್ರಬಂಧ ಎಂದರೆ ಹದಿನೈದು ದಿನದಲ್ಲಿ ಇಪ್ಪತ್ತು. ಒಂದರಲ್ಲಿ ಬರೆದದ್ದನ್ನು ಇನ್ನೊಂದಕ್ಕೆ ಅಂಟಿಸುವಾಗ ಹಳೆಯ ಕಾಲೇಜಿನ ಹೆಸರು ಹಾಗೇ ಉಳಿದುಬಿಡುವುದು ಈ ದಿನಗಳಲ್ಲೇ. ಕ್ರಿಸ್‌ಮಸ್ ರಜೆಗೆ ಶಾಲೆ ಮುಚ್ಚಿದರೆ ಕೌನ್ಸೆಲರ್ ಸಿಗುವುದಿಲ್ಲ, ಆದ್ದರಿಂದ ಟ್ರಾನ್ಸ್‌ಕ್ರಿಪ್ಟ್ ಕಳಿಸಲು ಕೇಳಿಕೊಳ್ಳುವುದು ರಜೆಗೆ ಮುಂಚೆಯೇ ಆಗಬೇಕು. ಗುರುವಾರ ರಾತ್ರಿ ಸಮಾಧಾನ ಹೇಳುವುದಕ್ಕಿಂತ ಶುಕ್ರವಾರ ಬೆಳಿಗ್ಗೆ ಕೌನ್ಸೆಲರ್ ಬಾಗಿಲು ತಟ್ಟುವುದು ಮುಖ್ಯ. ಇವಳ ಪುಣ್ಯ, ನ್ಯೂಜೆರ್ಸಿಯ ಸರ್ಕಾರಿ ವಿಶ್ವವಿದ್ಯಾಲಯವಾದ ರಟ್‌ಗರ್ಸ್‌ಗೆ ಕರಾರಿಲ್ಲದ ಅರ್ಲಿ ಆಕ್ಷನ್ ಅರ್ಜಿಯನ್ನು ಆಗಲೇ ಹಾಕಿಯಾಗಿತ್ತು.

"ಹೊಸ ದಾಖಲೆ ಹಾಜರು ಮಾಡೋಕೆ ಅವಕಾಶ ಇದೆಯಾ?" ಇದೆ. ಮೊದಲು ಪತ್ರವನ್ನು ಕೊನೆಯವರೆಗೆ ಓದಬೇಕು. ಅಳುತ್ತ ಮುಚ್ಚಿದವರಿಗೆ ಮೂರನೆಯ ಪ್ಯಾರಾ ಗೊತ್ತೇ ಇರುವುದಿಲ್ಲ. ಕೆಲವು ಕಾಲೇಜು ಪೋರ್ಟಲ್‌ನಲ್ಲೇ ಫಾರ್ಮ್ ಇಡುತ್ತವೆ, ಕೆಲವು ಏನನ್ನೂ ಕಳಿಸಬೇಡಿ ಅನ್ನುತ್ತವೆ. ಬೇಡ ಅಂದರೆ ಬೇಡ. ಬೇಕು ಅಂದರೆ ಒಂದು ಪುಟ, ಮುನ್ನೂರು ನಾನೂರು ಪದ ಸಾಕು. ನವೆಂಬರ್ 1ರಿಂದ ಈಚೆಗೆ ಏನು ಹೊಸತಾಯಿತು ಎನ್ನುವುದು ಅದರಲ್ಲಿರಬೇಕು: ಏರಿದ ಗ್ರೇಡು, ಮುಗಿದ ಪ್ರಾಜೆಕ್ಟು, ಹಿಡಿದ ಪಾರ್ಟ್‌ಟೈಮ್ ಕೆಲಸ. ಈಗಲೂ ಇದೇ ಮೊದಲ ಆಯ್ಕೆ ಎಂಬ ವಾಕ್ಯ ನಿಜವಾಗಿದ್ದರೆ ಮಾತ್ರ. ಮೊದಲ ಸೆಮಿಸ್ಟರಿನ ಗ್ರೇಡು ಬಂದ ಮೇಲೆ, ಜನವರಿ ಕೊನೆಯ ಹೊತ್ತಿಗೆ ಬರೆದರೆ ಹೇಳಲು ಏನಾದರೂ ಇರುತ್ತದೆ. ಅರ್ಧವರ್ಷದ ವರದಿಯನ್ನು ಕೌನ್ಸೆಲರ್ ಬೇರೆಯಾಗಿ ಕಳಿಸುತ್ತಾರೆ. ಇನ್ನೂ ನಾಲ್ಕು ಶಿಫಾರಸು ಪತ್ರ, ಹಳೆಯ ಸರ್ಟಿಫಿಕೇಟಿನ ಕಟ್ಟು, ಅಪ್ಪನ ಫೋನ್ ಕರೆ, ಇವು ಯಾವುವೂ ಬೇಡ. ಫೋನ್ ಕರೆ ಅಂತೂ ಖಂಡಿತ ಬೇಡ.

ಅಪ್ಪನ ತಲೆಯಲ್ಲಿ ಓಡುತ್ತಿದ್ದದ್ದು ಶೇಕಡಾವಾರು ಲೆಕ್ಕ. ಅರ್ಲಿಯಲ್ಲಿ ಸೀಟು ಸಿಗುವ ಪ್ರಮಾಣ ಜಾಸ್ತಿ, ಆದರೂ ಯಾಕೆ ತಪ್ಪಿತು? ಆ ಪ್ರಮಾಣದೊಳಗೆ ಕೋಚ್‌ಗಳು ಮೊದಲೇ ಆರಿಸಿಕೊಂಡ ಆಟಗಾರರಿದ್ದಾರೆ, ಹಳೆಯ ವಿದ್ಯಾರ್ಥಿಗಳ ಮಕ್ಕಳಿದ್ದಾರೆ. ಅವರನ್ನು ತೆಗೆದು ನೋಡಿದರೆ ಉಳಿದವರ ಪಾಲು ಸಣ್ಣದಾಗುತ್ತದೆ. ಕಾಲೇಜಿಗೆ ಇದರ ಲಾಭ ಸರಳ: ಕರಾರಿನ ಮೇಲೆ ಕರೆದವರು ಬಂದೇ ಬರುತ್ತಾರೆ. ಕೆಲವು ಖಾಸಗಿ ಕಾಲೇಜುಗಳು ಮೊದಲ ವರ್ಷದ ಅರ್ಧದಷ್ಟು ಸೀಟನ್ನು ಹೀಗೆ ಡಿಸೆಂಬರಿನಲ್ಲೇ ತುಂಬಿಕೊಂಡು ನಿಶ್ಚಿಂತೆಯಾಗಿರುತ್ತವೆ. ನಾಲ್ಕು ಕಾಲೇಜಿನ ಆರ್ಥಿಕ ನೆರವನ್ನು ಪಕ್ಕಪಕ್ಕ ಇಟ್ಟು ನೋಡಿ ಸೇರಬೇಕಾದ ಮನೆಯ ಮಕ್ಕಳಿಗೆ ಈ ಕರಾರು ಕಷ್ಟ. ಅರ್ಲಿ ಅರ್ಜಿ ಉಳ್ಳವರಿಗೇ ಅನುಕೂಲ ಎಂದು ಹಾರ್ವರ್ಡ್, ಪ್ರಿನ್ಸ್‌ಟನ್‌ಗಳು 2006ರಲ್ಲಿ ಅದನ್ನು ಬಿಡುವುದಾಗಿ ಸಾರಿದವು; ಹೆಚ್ಚಿನವರು ಹಿಂದೆ ಬರಲಿಲ್ಲ, 2011ರಲ್ಲಿ ಅವೂ ವಾಪಸು ತಂದುಕೊಂಡವು.

ಕಾಲೇಜಿನ ವೆಬ್‌ಸೈಟಿನಲ್ಲಿ ಇರಲೇಬೇಕಾದ, ನೆರವು ಕಳೆದು ಮನೆಯವರು ಕೊಡಬೇಕಾದದ್ದೆಷ್ಟು ಎಂದು ಅಂದಾಜು ಹೇಳುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕಿ ನೋಡದೆ ಸಹಿ ಹಾಕುವವರು ನಮ್ಮವರಲ್ಲೂ ಇದ್ದಾರೆ. ಹಾಸನದಲ್ಲಿ ಅಮ್ಮನ ಹೆಸರಿಗಿರುವ ಸೈಟನ್ನು ನೆರವಿನ ಅರ್ಜಿಯಲ್ಲಿ ತೋರಿಸಬೇಕು ಎಂಬುದೂ ಅವರಿಗೆ ಹೊಳೆದಿರುವುದಿಲ್ಲ. ತೋರಿಸಬೇಕು, ಇವತ್ತಿನ ಬೆಲೆಗೆ.

ಅಜ್ಜನ ಕೊನೆಯ ಪ್ರಶ್ನೆ: "ಕಾರಣ ಏನಂತ ಬರೆದಿದಾರೆ?"

ಏನೂ ಬರೆದಿರಲಿಲ್ಲ. ಊರಿನಲ್ಲಿ ಸಿಇಟಿ ಬರೆದ ಮಗುವಿಗೆ ಸೀಟು ತಪ್ಪಿದರೆ ಕಾರಣ ಒಂದು ಸಂಖ್ಯೆ. ನಿನ್ನ ರ‍್ಯಾಂಕ್ ಇಷ್ಟು, ಆ ಕಾಲೇಜಿನ ಆ ಬ್ರಾಂಚ್ ನಿಂತದ್ದು ಇಷ್ಟಕ್ಕೆ. ಸಿಕ್ಕ ಸೀಟನ್ನು ಕೈಯಲ್ಲಿಟ್ಟುಕೊಂಡೇ ಇನ್ನೂ ಒಳ್ಳೆಯದಕ್ಕೆ ಕಾಯುವ ಚಾಯ್ಸ್ 2 ಕೂಡ ಉಂಟು. ಆ ಪದ್ಧತಿಯ ಕ್ರೌರ್ಯ ಬೇರೆ, ಅದನ್ನು ಇಲ್ಲಿ ಹೊಗಳಲು ಹೊರಟಿಲ್ಲ. ಆದರೆ ಸಂಖ್ಯೆಯ ಜೊತೆ ಜಗಳವಾಡಬಹುದು, ಶಪಿಸಬಹುದು. ಇಲ್ಲಿ ಹದಿನೇಳರ ಹುಡುಗಿ ತನ್ನ ಬಗ್ಗೆ 650 ಪದ ಬರೆದು ಕಳಿಸಿದ್ದಾಳೆ, ಅಜ್ಜಿ ತೀರಿಕೊಂಡ ವರ್ಷದ ಬಗ್ಗೆ. ಉತ್ತರದಲ್ಲಿ ಕಾರಣವಿಲ್ಲ. ಖಾಲಿ ಬಿಟ್ಟ ಆ ಜಾಗವನ್ನು ಪ್ರತಿಯೊಬ್ಬರೂ ತಮ್ಮತಮ್ಮದರಿಂದ ತುಂಬುತ್ತಾರೆ. ಅಪ್ಪ ತುಂಬಿದ್ದು ಶಾಲೆಯಲ್ಲೇ ಓದುವ ಕಾಲೇಜು ಮಟ್ಟದ ಎಪಿ ಕೋರ್ಸುಗಳ ಲೆಕ್ಕ, "ಇನ್ನೆರಡು ಎಪಿ ತಗೊಂಡಿದ್ರೆ". ಅಮ್ಮ, "ಅಜ್ಜಿ ವಿಷಯ ಬರೀಬಾರ್ದಿತ್ತೇನೋ". ಅವಳು ಏನು ತುಂಬಿಕೊಂಡಳೋ ಹೇಳಲಿಲ್ಲ.

"ಆರ್ಡರ್ ಶೀಟಲ್ಲಿ ಕಾರಣ ಇಲ್ದೆ ವಾಯಿದೆ ಹಾಕಿದಾರೆ ಅಂದ್ರೆ ಅದು ಕಕ್ಷಿದಾರನ ತಪ್ಪಲ್ಲ ಕಣೇ, ಅವರ ಅನುಕೂಲ" ಅಂದರು ಅಜ್ಜ. ಆಮೇಲೆ ಹಾಲಿನವನು ಬಂದನೆಂದು ಎದ್ದುಹೋದರು. ಫೋನಿನಲ್ಲಿ ಸುಮಾರು ಹೊತ್ತು ಹಾಸನದ ಅಡುಗೆಮನೆಯ ಗೋಡೆ, ಕ್ಯಾಲೆಂಡರು ಕಾಣುತ್ತಿತ್ತು.

ಆಗ ಅವಳು ಅಮ್ಮನನ್ನು ಕೇಳಿದಳು, "ವಾಯಿದೆ ಅಂದ್ರೇನು?"

ಶನಿವಾರದ ಹೊತ್ತಿಗೆ ಫ್ರಿಜ್ಜಿನ ಬಾಗಿಲ ಮೇಲೆ ಏಳು ಕಾಲೇಜಿನ ಹೆಸರು, ಎದುರಿಗೆ ಗಡುವು. ಎರಡಕ್ಕೆ ಗೀಟು ಬಿದ್ದಿತ್ತು. ರೆಕಾರ್ಡಿಂಗ್ ಅಳಿಸಿಬಿಡಿ ಎಂದು ಅಮ್ಮ ಅಪ್ಪನಿಗೆ ಎರಡು ಸಲ ಹೇಳಿದರು. ಅಳಿಸಬೇಡಿ ಅಂದದ್ದು ಮಗಳೇ. ಅದನ್ನು ತನ್ನ ಫೋನಿಗೆ ಕಳಿಸಿಕೊಂಡಿದ್ದಾಳೆ. ಬಿಳಿ ಪರದೆಯ ಭಾಗವನ್ನು ಕತ್ತರಿಸಿ ತೆಗೆದಿದ್ದಾಳೆ, ಉಳಿದಿರುವುದು "ಹಂಗಂದ್ರೆ?" ಎಂಬಲ್ಲಿಂದ ಮುಂದಕ್ಕೆ.