ಎಡಕ್ಕೆ ಹೊರಳಿದರೆ ಬಂದ್

13 ಜುಲೈ 2025, ಭಾನುವಾರ
ನಿಗಡಿ, ಪುಣೆ

ಅಪ್ಪನ ಸ್ಕೂಟರಿನ ತೊಂದರೆಯ ಮೂಲ ಮಧ್ಯಾಹ್ನ ಎರಡೂವರೆಗೆ ಸಿಕ್ಕಿತು. ಒಂದು ಅಕ್ಕಿಕಾಳಿನಷ್ಟು ಜಾಗ. ಅಷ್ಟರಲ್ಲಿ ವೈರಿನ ಮೇಲಿನ ಪ್ಲಾಸ್ಟಿಕ್ ಸವೆದು ಒಳಗಿನ ತಾಮ್ರ ಕಾಣುತ್ತಿತ್ತು. ಇದಕ್ಕೆ ಐದು ವಾರ, ಎರಡು ಸ್ಪಾರ್ಕ್ ಪ್ಲಗ್, ಆ ಪ್ಲಗ್ಗಿಗೆ ಕಿಡಿಯ ಕರೆಂಟು ಕಳಿಸುವ ಒಂದು ಸಿಡಿಐ ಡಬ್ಬಿ ಮತ್ತು ಅಪ್ಪನ ಜೊತೆ ಲೆಕ್ಕವಿಲ್ಲದಷ್ಟು ಜಗಳ ಖರ್ಚಾಗಿದೆ.

ಗಾಡಿ ಅಪ್ಪನ ಬಜಾಜ್ ಚೇತಕ್. 1996ರದ್ದು. ಅಪ್ಪ ರೋಣದ ಕಡೆಯವರು, ಪಿಂಪ್ರಿಯ ಕಂಪನಿಯೊಂದರಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್ ಆಗಿ ಬಂದವರು ಇಲ್ಲೇ ಉಳಿದರು. ನಾನು ಹತ್ತನೇ ಕ್ಲಾಸಿನ ಪರೀಕ್ಷೆಗೆ ಹೋಗಿದ್ದು ಇದರ ಹಿಂದಿನ ಸೀಟಿನಲ್ಲಿ. ಪೆಟ್ರೋಲ್ ಚೇತಕ್ ಶುರುವಾಗಿದ್ದು 1972ರಲ್ಲಿ, ಅದು ನಿಂತು ವರ್ಷಗಳಾದವು. ಈಗ ಅದೇ ಹೆಸರಿನ ಕರೆಂಟಿನ ಗಾಡಿ 2020ರಿಂದ ಬಂದಿದೆ, ನಮ್ಮ ಮನೆಗೆ ಹತ್ತಿರದ ಆಕುರ್ಡಿಯಲ್ಲೇ ತಯಾರಾಗುತ್ತದೆ. ಅದು ಸಪ್ಪಳವಿಲ್ಲದೆ ಪಕ್ಕದಿಂದ ಹಾದು ಹೋದರೆ ಅಪ್ಪ, "ಅದು ಚೇತಕ್ ಅಲ್ಲ, ಗಾಲಿ ಹಚ್ಚಿದ ಫ್ರಿಜ್ಜು" ಅಂತಾರೆ.

ಜೂನ್ ಮೊದಲ ವಾರದಲ್ಲಿ ತೊಂದರೆ ಶುರುವಾಯಿತು. ಸೊಸೈಟಿ ಗೇಟಿನೊಳಗೆ ತಿರುಗುವಾಗ ಎಂಜಿನ್ ಬಂದಾಯಿತು. ಒಂದು ಕಿಕ್ ಹೊಡೆದೆ, ಇಲ್ಲ. ಹತ್ತು ಹೊಡೆದೆ, ಇಲ್ಲ. ಅಪ್ಪ ಕೆಳಗೆ ಇಳಿದು ಬಂದರು. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಒಂದು ಮಗ್ಗುಲಿಗೆ ಚೆನ್ನಾಗಿ ವಾಲಿಸಿದರು, ಎತ್ತಿ ನಿಲ್ಲಿಸಿದರು, ಒಂದೇ ಕಿಕ್ಕಿಗೆ ಚಾಲೂ. ಹಳೇ ಸ್ಕೂಟರ್ ಇಟ್ಟವರಿಗೆಲ್ಲ ಈ ಪೂಜೆ ಗೊತ್ತಿರುತ್ತದೆ. ವಾಲಿಸಿದರೆ ಪೆಟ್ರೋಲ್, ಅದಕ್ಕೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೋರೇಟರಿಗೆ ಇಳಿಯುತ್ತದೆ ಅಂತ ನಂಬಿಕೆ.

"ಕಾರ್ಬೋರೇಟರ್‌ನ್ಯಾಗ ಕಸ ಕುಂತೈತಿ ಯವ್ವಾ. ಪೆಟ್ರೋಲ್ ಸರಿ ಬರವಲ್ದು," ಅಂದರು.

ಸರಿ, ಕಾರ್ಬೋರೇಟರ್ ಬಿಚ್ಚಿ ತೊಳೆದೆವು. ಅದರೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟಿಗೆ ಗಾಳಿ ಹೊಡೆದೆವು. ಎರಡು ದಿನ ಚೆನ್ನಾಗಿ ಓಡಿತು, ಮೂರನೇ ದಿನ ಆಕುರ್ಡಿಯ ತರಕಾರಿ ಗಲ್ಲಿಯಲ್ಲಿ ನಿಂತಿತು. ಪ್ಲಗ್ ಹಾಕಿದೆ. ಮತ್ತೆ ನಿಂತಿತು. ಇನ್ನೊಂದು ಪ್ಲಗ್, ಕಿಡಿ ಹಾರುವ ಗ್ಯಾಪ್ 0.6 ಮಿಲಿಮೀಟರ್ ಅಳೆದು ಹಾಕಿದೆ. ಮತ್ತೆ ನಿಂತಿತು. ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್ ಗಾಡಿ ಮುಟ್ಟುವ ಮೊದಲೇ ಸಿಡಿಐ ಹೋಗಿದೆ ಅಂದ. ಹೊಸದು ಹಾಕಿದ, ಒಂಬೈನೂರು ಬಿಚ್ಚಿಸಿಕೊಂಡ. ಮನೆಗೆ ಬರುವ ದಾರಿಯಲ್ಲಿ, ನಮ್ಮ ಗೇಟಿನಲ್ಲೇ, ಬಂದ್. ವಾಚ್‌ಮನ್ ನನ್ನನ್ನು ನೋಡಿ ನಗುವುದನ್ನೂ ಬಿಟ್ಟಿದ್ದ, ಸುಮ್ನೆ ಬಂದು ಹಿಂದಿನಿಂದ ದಬ್ಬುತ್ತಿದ್ದ.

ನನಗೆ ನಾಚಿಕೆಯಾಗಬೇಕಾದ ಮಾತು ಏನೆಂದರೆ, ಭೋಸರಿಯಲ್ಲಿ ನನ್ನ ಕೆಲಸವೇ ಪ್ಯಾನೆಲ್ ಬೋರ್ಡ್ ಟೆಸ್ಟಿಂಗ್. ಇಡೀ ದಿನ ಕರೆಂಟು ಅಳೆಯುವ ಮಲ್ಟಿಮೀಟರ್ ಕೈಯಲ್ಲಿರುತ್ತದೆ. ಮನೆಯಲ್ಲಿ ಮಾತ್ರ ಅಪ್ಪ ಪೆಟ್ರೋಲ್ ಅಂದರೆ ಪೆಟ್ರೋಲ್.

ಕಳೆದ ವಾರ ಮಳೆಯಲ್ಲಿ ನಿಂತುಕೊಂಡು ಯೋಚನೆ ಮಾಡಿದೆ. ಪೆಟ್ರೋಲ್ ಬರದಿದ್ದರೆ ಎಂಜಿನ್ ಹೀಗೆ ನಿಲ್ಲುವುದಿಲ್ಲ ಅಲ್ವಾ? ಕೆಮ್ಮುತ್ತದೆ, ಜಗ್ಗುತ್ತದೆ, ಚೋಕ್ ಎಳೆದರೆ ಇನ್ನೊಂದು ಸ್ವಲ್ಪ ಓಡುತ್ತದೆ. ಇದು ಹಾಗಲ್ಲ. ಯಾರೋ ಕೀಲಿ ತಿರುಗಿಸಿದ ಹಾಗೆ ಥಟ್ ಅಂತ ನಿಲ್ಲುತ್ತದೆ. ಅವತ್ತಿನಿಂದ ಎಲ್ಲೆಲ್ಲಿ ನಿಂತಿತು ಅಂತ ಹಾಲಿನ ಲೆಕ್ಕದ ಕ್ಯಾಲೆಂಡರಿನ ಮೇಲೆ ಬರೆಯಲು ಶುರುಮಾಡಿದೆ. ಗೇಟು, ಗೇಟು, ತರಕಾರಿ ಗಲ್ಲಿ, ಗೇಟು, ದವಾಖಾನೆಯ ಪಾರ್ಕಿಂಗು. ಎಲ್ಲವೂ ನಿಧಾನ, ಎಲ್ಲವೂ ಎಡಕ್ಕೆ, ಹ್ಯಾಂಡಲ್ ಪೂರ್ತಿ ಹೊರಳಿದ ಜಾಗಗಳು. ಹೈವೇ ಮೇಲೆ ಒಂದು ಸಲವೂ ನಿಂತಿಲ್ಲ.

ಇಲ್ಲಿ ಈ ಸ್ಕೂಟರಿನ ಒಂದು ವಿಷಯ ಹೇಳಬೇಕು. ಕಾರಿನಲ್ಲಿ ಕೀಲಿ ಆಫ್ ಮಾಡಿದರೆ ಕರೆಂಟ್ ಕಡಿಯುತ್ತದೆ. ಇದರಲ್ಲಿ ಉಲ್ಟಾ. ಕಿಡಿಗೆ ಬ್ಯಾಟರಿ ಬೇಕಿಲ್ಲ, ಎಂಜಿನ್ ಜೊತೆ ಮ್ಯಾಗ್ನೆಟ್ ತಿರುಗಿದರೆ ಸಾಕು, ಕರೆಂಟು ಹುಟ್ಟುತ್ತದೆ. ಹಾಗಾಗಿ ಎಂಜಿನ್ ನಿಲ್ಲಿಸಬೇಕೆಂದರೆ ಆ ಕರೆಂಟಿಗೆ ಬೇರೆ ದಾರಿ ತೋರಿಸಬೇಕು. ಸಿಡಿಐ ಡಬ್ಬಿಯಿಂದ ಒಂದು ವೈರು ಬಾಡಿಯೊಳಗಿಂದ ಹಾದು ಹ್ಯಾಂಡಲ್ಲಿನ ಕೀಲಿಗೆ ಬರುತ್ತದೆ. ಕೀಲಿ ಆಫ್ ಮಾಡಿದಾಗ ಆ ವೈರು ಬಾಡಿಗೆ ಕೂಡುತ್ತದೆ, ಅಂದರೆ ಅರ್ಥ್ ಆಗುತ್ತದೆ. ಪ್ಲಗ್ಗಿಗೆ ಹೋಗಬೇಕಾದ ಕರೆಂಟು ಅಲ್ಲೇ ಇಳಿದುಹೋಗುತ್ತದೆ, ಎಂಜಿನ್ ಸಾಯುತ್ತದೆ. ಈಗ ಅದೇ ವೈರು ದಾರಿಯಲ್ಲಿ ಎಲ್ಲೋ ಸವೆದು ತಗಡಿಗೆ ತಾಗಿದರೆ? ಎಂಜಿನ್ನಿಗೆ ಎರಡೂ ಒಂದೇ. ಫ್ಯೂಸ್ ಹೋಗುವುದಿಲ್ಲ, ಹೊಗೆ ಬರುವುದಿಲ್ಲ, ಸುಟ್ಟ ವಾಸನೆ ಇಲ್ಲ.

ಇವತ್ತು ಬೆಳಿಗ್ಗೆ ಉಪ್ಪಿಟ್ಟು ತಿಂದು ಪಾರ್ಕಿಂಗಿಗೆ ಇಳಿದೆ. ಮೊದಲು ಎಂಜಿನ್ ಮುಚ್ಚುವ ಬಲಗಡೆಯ ತಗಡಿನ ಡೂಮ್ ತೆಗೆದು ಸಿಡಿಐ ಹತ್ತಿರ ಆ ವೈರಿನ ಕನೆಕ್ಷನ್ ಕಿತ್ತೆ. ಕಿಕ್ ಹೊಡೆದೆ, ಚಾಲೂ. ಪಾರ್ಕಿಂಗಿನಲ್ಲೇ ಎಡಕ್ಕೆ ಹ್ಯಾಂಡಲ್ ಹೊರಳಿಸಿ ಗಾಣದ ಎತ್ತಿನ ಹಾಗೆ ಇಪ್ಪತ್ತು ಸುತ್ತು ಹಾಕಿದೆ. ಒಂದು ಸಲವೂ ನಿಲ್ಲಲಿಲ್ಲ. ಆಮೇಲೆ ನಿಲ್ಲಿಸಲು ಹೋದರೆ ನಿಲ್ಲುತ್ತಿಲ್ಲ! ಕೀಲಿಯ ವೈರು ನಾನೇ ಕಿತ್ತಿದ್ದು ಮರೆತಿದ್ದೆ. ಕೈ ಹಾಕಿ ವೈರು ಕೂಡಿಸೋಣ ಅಂತ ಮುಟ್ಟಿದೆ, ಮೊಣಕೈವರೆಗೆ ಜುಮ್ ಅಂತು. ಎಂಜಿನ್ ಓಡುತ್ತಿರುವಾಗ ಆ ವೈರಿನಲ್ಲಿ ನೂರಕ್ಕಿಂತ ಜಾಸ್ತಿ ವೋಲ್ಟ್ ಬರಬಹುದು, ಯಾರೂ ಮುಟ್ಟಬೇಡಿ. ಕೊನೆಗೆ ನಾಲ್ಕನೇ ಗೇರಿಗೆ ಹಾಕಿ, ಬ್ರೇಕ್ ತುಳಿದು, ಕ್ಲಚ್ ಬಿಟ್ಟೆ. ಒಂದು ಸಲ ಕುಪ್ಪಳಿಸಿ ನಿಂತಿತು. ಮೇಲಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಆಜಿ "ಕಾಯ್ ಝಾಲಂ ಗ?" (ಏನಾಯ್ತೇ?) ಅಂತ ಬಗ್ಗಿ ನೋಡಿದರು.

ತಪ್ಪು ಆ ವೈರಿನಲ್ಲೇ ಅಂತ ಖಾತ್ರಿಯಾಯಿತು. ಎಲ್ಲಿ ಅನ್ನುವುದು ಮಾತ್ರ ಬಾಕಿ. ಮಲ್ಟಿಮೀಟರನ್ನು, ಎರಡು ತುದಿ ಕೂಡಿದ್ದರೆ ಬೀಪ್ ಹೊಡೆಯುವ ಕಂಟಿನ್ಯುಟಿಗೆ ಇಟ್ಟೆ. ಒಂದು ಮುಳ್ಳು ಕಿತ್ತ ವೈರಿಗೆ, ಇನ್ನೊಂದು ಬಾಡಿಯ ಬೋಲ್ಟಿಗೆ. ಇಟ್ಟ ತಕ್ಷಣ ಬೀಪ್ ಶುರು, ನಿಲ್ಲುತ್ತಲೇ ಇಲ್ಲ. ವಾ, ಪೂರ್ತಿ ಶಾರ್ಟ್ ಅಂತ ಖುಷಿಯಾಗಿ ಸೀಟಿನ ಕೆಳಗಿನಿಂದ ವೈರು ಹುಡುಕುತ್ತಾ ಹೊರಟೆ. ಮುಕ್ಕಾಲು ಗಂಟೆ. ಅಪ್ಪ ಚಹಾ ತಂದುಕೊಟ್ಟು, ಒಂದು ನಿಮಿಷ ನೋಡಿ ಕೇಳಿದರು, "ಕೀಲಿ ಬಂದ್ ಐತಲ್ಲ, ಅದು ಹೊಡಕೊಳ್ಳೂದ ಬರೋಬ್ಬರಿ ಅಲ್ಲೇನು?"

ಹೌದು. ಕೀಲಿ ಆಫ್ ಇದ್ದರೆ ಆ ವೈರು ಅರ್ಥ್ ಆಗಿರಲೇಬೇಕು. ಈಗ ತಾನೇ ಅಪ್ಪನಿಗೆ ಅದನ್ನೇ ಪಾಠ ಮಾಡಿದ್ದವಳು ನಾನು. ಚಹಾ ಕುಡಿದು ಕೀಲಿ ಆನ್ ಮಾಡಿದೆ. ಬೀಪ್ ನಿಂತಿತು.

ಆಮೇಲಿನ ಹತ್ತು ನಿಮಿಷ ತುಂಬಾ ಮಜವಾಗಿತ್ತು. ಅಪ್ಪ ಹ್ಯಾಂಡಲ್ ಹಿಡಿದರು, ನಾನು ಮೀಟರ್ ಹಿಡಿದು ಕುಕ್ಕರಗಾಲಿನಲ್ಲಿ ಕೂತೆ. ಬಲಕ್ಕೆ ಹೊರಳಿಸಿದರು, ಶಬ್ದವಿಲ್ಲ. ಸೀದಾ, ಶಬ್ದವಿಲ್ಲ. ಎಡಕ್ಕೆ ನಿಧಾನವಾಗಿ, ನಿಧಾನವಾಗಿ, ಪೂರ್ತಿ. ಇಲ್ಲ. ಇಬ್ಬರೂ ಮುಖ ನೋಡಿಕೊಂಡೆವು. ಆಗ ಅಪ್ಪ ಸುಸ್ತಾಗಿ ಹ್ಯಾಂಡಲ್ ಮೇಲೆ ಭಾರ ಬಿಟ್ಟರು. ಮುಂದಿನ ಸ್ಪ್ರಿಂಗ್ ಕುಗ್ಗಿತು, ಬೀಪ್! ಭಾರ ತೆಗೆದರು, ನಿಂತಿತು. ಮತ್ತೆ ಒತ್ತಿದರು, ಬೀಪ್. ಎಡಕ್ಕೂ ಹೊರಳಬೇಕು, ಮುಂದೆ ಭಾರವೂ ಬೀಳಬೇಕು. ನಮ್ಮ ಗೇಟಿನ ಹತ್ತಿರ ಎಡ ತಿರುವಿನಲ್ಲೇ ಸ್ಪೀಡ್ ಬ್ರೇಕರ್ ಇದೆ!

ಹೆಡ್‌ಲೈಟ್ ಬಿಚ್ಚಿದೆವು. ಒಳಗೆ ಇಪ್ಪತ್ತೊಂಬತ್ತು ವರ್ಷದ ಗ್ರೀಸು ಮತ್ತು ಧೂಳು ಸೇರಿ ಹುಣಸೆಹಣ್ಣಿನ ಹಾಗೆ ಗಟ್ಟಿಯಾಗಿತ್ತು. ಗೇರ್ ಕೇಬಲ್, ಕ್ಲಚ್ ಕೇಬಲ್, ಮೀಟರ್ ಕೇಬಲ್, ಅವುಗಳ ನಡುವೆ ವೈರಿನ ಕಟ್ಟು. ವೈರುಗಳು ಕೆಳಗೆ ಇಳಿಯುವ ತೂತಿನಲ್ಲಿ, ಅಂಚು ತಾಗದಂತೆ ಒಂದು ರಬ್ಬರ್ ಬುಶ್ ಇರಬೇಕಿತ್ತು. ಅದು ಕಪ್ಪು ಪುಡಿಯಾಗಿ ಉದುರಿತ್ತು. ತಗಡಿನ ಅಂಚು ಬೆಳ್ಳಗೆ ಹೊಳೆಯುತ್ತಿತ್ತು, ಚಾಕು ಮಸೆದ ಹಾಗೆ. ಅಷ್ಟು ಜಿಡ್ಡಿನ ನಡುವೆ ಹೊಳೆಯುತ್ತಿದ್ದದ್ದು ಎರಡೇ: ಆ ಅಂಚು, ಮತ್ತೆ ವೈರಿನಿಂದ ಇಣುಕುತ್ತಿದ್ದ ತಾಮ್ರದ ಎರಡು ಎಳೆ. ವೈರಿನ ಬಣ್ಣ ಯಾವುದಿತ್ತೋ ದೇವರೇ ಬಲ್ಲ.

ಇನ್ನೊಂದೂ ಅರ್ಥವಾಯಿತು. ಅಪ್ಪನ ವಾಲಿಸುವ ಪೂಜೆ ಪ್ರತಿ ಸಲ ಫಲ ಕೊಟ್ಟಿದ್ದೇಕೆ ಅಂತ. ವಾಲಿಸಿ ಎತ್ತಿ ಸ್ಟ್ಯಾಂಡಿಗೆ ಹಾಕುವಾಗ ಹ್ಯಾಂಡಲ್ ಸೀದಾ ಆಗುತ್ತದೆ, ಮುಂದಿನ ಭಾರ ಇಳಿಯುತ್ತದೆ, ತಾಮ್ರ ಅಂಚಿನಿಂದ ದೂರ ಸರಿಯುತ್ತದೆ. ಪೆಟ್ರೋಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಗಾಡಿ ಚಾಲೂ ಆದಾಗಲೆಲ್ಲ ಅಪ್ಪನ ಪೆಟ್ರೋಲ್ ವಾದಕ್ಕೆ ಇನ್ನೊಂದು ಸಾಕ್ಷಿ ಸಿಗುತ್ತಿತ್ತು. ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೂ ಚಾಲೂ ಅಂತೂ ಆಕ್ಕಿತ್ತಲ್ಲ" ಅಂದರು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಸವೆದ ತುಂಡನ್ನು ಕತ್ತರಿಸಿ ಒಂದು ಗೇಣು ಹೊಸ ವೈರು ಸೇರಿಸಿ ಬೆಸುಗೆ ಹಾಕಿದೆ. ಬುಧವಾರ ಪೇಟೆಯ ತಪಕೀರ್ ಗಲ್ಲಿಯಿಂದ ಯಾವತ್ತೋ ತಂದಿಟ್ಟಿದ್ದ, ಕಾಯಿಸಿದರೆ ಕುಗ್ಗಿ ವೈರಿಗೆ ಬಿಗಿಯಾಗುವ ಹೀಟ್ ಸ್ಲೀವ್ ಇತ್ತು, ಅದನ್ನು ಏರಿಸಿ ಕಾಯಿಸಿದೆ. ಬರೀ ಕಪ್ಪು ಟೇಪ್ ಸುತ್ತಿದರೆ ಎಂಜಿನ್ ಗಾಡಿಯಲ್ಲಿ ಒಂದು ಬೇಸಿಗೆ ಬಾಳಿಕೆ ಬರುವುದಿಲ್ಲ, ಅಂಟು ಕರಗಿ ಜಾರುತ್ತದೆ. ಬುಶ್ ಸದ್ಯಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ಅಪ್ಪನೇ ಮಾಡಿದರು. ಟರ್ನರ್ ಕೈ, ತೂತಿನ ಅಳತೆಗೆ ಸರಿಯಾಗಿ ಕೂತಿತು. ಒಳ್ಳೆಯ ಬುಶ್ ಪುಣೆಯ ನಾನಾ ಪೇಟೆ ಬಜಾರಿನಲ್ಲಿ ಸಿಕ್ಕರೆ ತರಬೇಕು. ಮುಂದಿನ ವರ್ಷ ಮರುನೋಂದಣಿಗೆ ಆರ್‌ಟಿಓ ಮುಂದೆ ನಿಲ್ಲಿಸಬೇಕಲ್ಲ, 15 ವರ್ಷದ ಮೇಲೆ ಐದೈದು ವರ್ಷಕ್ಕೆ ಈ ಹಾಜರಿ ತಪ್ಪಿದ್ದಲ್ಲ.

ಸಂಜೆ ಮಳೆ ನಿಂತ ಮೇಲೆ ಗೇಟಿನಲ್ಲಿ ಆರು ಸಲ ಎಡಕ್ಕೆ ತಿರುಗಿದೆ, ಬ್ರೇಕರ್ ಮೇಲೆ ಬೇಕಂತಲೇ ಧಡ್ ಅನ್ನಿಸಿದೆ. ನಿಲ್ಲಲಿಲ್ಲ. ವಾಚ್‌ಮನ್ ದಬ್ಬಲು ಎದ್ದವನು ಮತ್ತೆ ಕೂತ.

ಒಳಗೆ ಇನ್ನೊಂದು ವೈರೂ ಅರ್ಧ ಸವೆದಿತ್ತು, ಬಹುಶಃ ಹಾರ್ನಿನದು. ಅದಕ್ಕೆ ಸ್ಲೀವ್ ಸಾಲಲಿಲ್ಲ, ಟೇಪ್ ಸುತ್ತಿದ್ದೇನೆ. ಬೇಸಿಗೆವರೆಗೆ ಟೈಮ್ ಇದೆ.