ಕಲಬುರಗಿಯಿಂದ ಓಂ ಬೀಚಿಗೆ: ಮ್ಯಾನುವಲ್ ಮೋಡ್ ಕಲಿಯಲು ಹೊರಟವರಿಗೆ

ಗೋಕರ್ಣದ ಓಂ ಬೀಚಿನಲ್ಲಿ ಸಂಜೆಯ ಅಲೆಗಳ ಚಿತ್ರ ತೆಗೆಯುತ್ತ ಮ್ಯಾನುವಲ್ ಮೋಡ್, ಅಂದರೆ ಬೆಳಕಿನ ಲೆಕ್ಕವನ್ನು ಕ್ಯಾಮೆರಾಕ್ಕೆ ಬಿಡದೆ ನಾವೇ ಇಡುವುದನ್ನು ಕಲಿಯೋಣ. ಕಡಲ ತೀರದಲ್ಲಿ ಸೂರ್ಯ ಮುಳುಗಿದ ಮೇಲೆ ಕೆಲಸಕ್ಕೆ ಬರುವ ಬೆಳಕು ಉಳಿಯುವುದು ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದು ನಿಮಿಷ. ಅಷ್ಟರಲ್ಲೂ ಪ್ರತಿ ಮೂರ್ನಾಲ್ಕು ನಿಮಿಷಕ್ಕೆ ಅದು ಅರ್ಧಕ್ಕಿಳಿಯುತ್ತ ಹೋಗುತ್ತದೆ. ಕ್ಯಾಮೆರಾದ ಡಯಲ್ ಯಾವ ಕಡೆ ತಿರುಗಿಸಬೇಕೆಂದು ಅಲ್ಲಿ ನಿಂತು ಯೋಚಿಸಿದರೆ ಸುಮಾರು 500 ಕಿ.ಮೀ. ಪ್ರಯಾಣ ದಂಡ. ಆದ್ದರಿಂದ ಹೊರಡುವ ಮುನ್ನ ಒಂದು ಮಧ್ಯಾಹ್ನ, ಎರಡು ಸಂಜೆ ಊರಲ್ಲೇ ಅಭ್ಯಾಸಕ್ಕೆ ಇಡಿ.

ಮಧ್ಯಾಹ್ನದ ಪಾಠಕ್ಕೆ ನಮ್ಮ ಬಿಸಿಲೇ ಮೇಷ್ಟ್ರು. ಅಂಗಳದ ಶಹಾಬಾದ್ ಫರಸಿಯನ್ನು ಫ್ರೇಮ್ ತುಂಬ ಹಿಡಿದು ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 100, ಎಫ್/16 (ಲೆನ್ಸಿನ ಕಿಂಡಿಯ ಅಳತೆ; ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು), ಶಟರ್ (ಬೆಳಕು ಒಳಬರುವ ಹೊತ್ತು) 1/125 ಸೆಕೆಂಡು ಇಡಿ. ಪಾಲಿಶ್ ಇಲ್ಲದ ಒಣ ಫರಸಿ ನಡುಬೂದು ಬಣ್ಣಕ್ಕೆ ಹತ್ತಿರ, ಹಾಗಾಗಿ ಬೆಳಕು ಅಳೆಯುವ ಮೀಟರಿನ ಮುಳ್ಳು ಸೊನ್ನೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಈಗ ಎಫ್/11ಕ್ಕೆ ಬಂದರೆ ಶಟರ್ 1/250, ಎಫ್/8ಕ್ಕೆ ಬಂದರೆ 1/500. ಬೆಳಕು ಅಷ್ಟೇ, ಲೆಕ್ಕ ಮಾತ್ರ ಬೇರೆ. ಬಹುತೇಕ ಕ್ಯಾಮೆರಾಗಳಲ್ಲಿ ಡಯಲ್ ಮೂರು ಸಲ ಕಟ್ ಎಂದರೆ ಒಂದು ಸ್ಟಾಪ್, ಅಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ. ಕಣ್ಣು ಮುಚ್ಚಿ ಎಣಿಸಿ ತಿರುಗಿಸುವಷ್ಟು ರೂಢಿಯಾಗಲಿ.

ಬಳಿಕ ಅದೇ ಬಿಸಿಲಲ್ಲಿ ಒಣಹಾಕಿದ ಬಿಳಿ ಪಂಚೆ, ಆಮೇಲೆ ಹೊಲದ ಎರೆಮಣ್ಣು ನೋಡಿ. ಸೆಟ್ಟಿಂಗ್ ಮುಟ್ಟಬೇಡಿ. ಪಂಚೆಗೆ ಮೀಟರ್ ‘ಬೆಳಕು ಜಾಸ್ತಿ’ ಅನ್ನುತ್ತದೆ, ಎರೆಮಣ್ಣಿಗೆ ‘ಕಡಿಮೆ’ ಅನ್ನುತ್ತದೆ. ಎರಡನ್ನೂ ಬೂದು ಮಾಡುವುದೇ ಅದರ ಹಟ. ಕಡಲಿನಲ್ಲಿ ನೊರೆ ಆ ಪಂಚೆ, ಒದ್ದೆ ಬಂಡೆ ಆ ಎರೆಮಣ್ಣು. ಇದು ಮನಸ್ಸಿಗೆ ಹತ್ತಿದರೆ ಅರ್ಧ ಕೆಲಸ ಮುಗಿದಂತೆ.

ಒಂದು ಸಂಜೆ ಅಪ್ಪನ ಕೆರೆ ದಂಡೆಯಲ್ಲಿ ಟ್ರೈಪಾಡ್ ಹೂಡಿ, ಕತ್ತಲಾಗುವವರೆಗೆ ಮೂರು ನಿಮಿಷಕ್ಕೊಂದು ಚಿತ್ರ ತೆಗೆಯಿರಿ. ಇನ್ನೊಂದು ಸಂಜೆ ಹರಿಯುವ ನೀರಿಗೆ ಗಾಣಗಾಪುರದ ಭೀಮಾ–ಅಮರ್ಜಾ ಸಂಗಮ ಒಳ್ಳೆಯದು, ಆದರೆ ಸ್ನಾನ ಮಾಡುವವರ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಹೋಗುವ ಕಾಲ ನವೆಂಬರ್‌ನಿಂದ ಫೆಬ್ರುವರಿ. ಮಳೆಗಾಲದ ಕಡಲು ಕಲಿಯುವವರಿಗಲ್ಲ. ದಿನ ಆರಿಸಲು ಪಂಚಾಂಗ ತೆಗೆಯಿರಿ: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ಕರಾವಳಿಯಲ್ಲಿ ಇಳಿತ ಹೆಚ್ಚುಕಡಿಮೆ ಸಂಜೆಗೇ ಬೀಳುತ್ತದೆ, ಬಂಡೆಗಳು ತೆರೆದುಕೊಳ್ಳುತ್ತವೆ. ಅಷ್ಟಮಿಯ ಹೊತ್ತಿಗೆ ಇದು ತಿರುವುಮುರುವು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಿಖರ ಸಮಯಕ್ಕೆ ಕಾರವಾರದ ಉಬ್ಬರವಿಳಿತದ ಪಟ್ಟಿ ನೋಡಿ. ಡಿಸೆಂಬರ್‌ನಲ್ಲಿ ಗೋಕರ್ಣದ ಸೂರ್ಯಾಸ್ತ ಕಲಬುರಗಿಗಿಂತ ಸುಮಾರು ಕಾಲು ತಾಸು ತಡ ಎಂಬುದೂ ನೆನಪಿರಲಿ.

ದಾರಿ ಸರಳ. ರಾತ್ರಿ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಗೋಕರ್ಣ. ಬೀದರಿನವರು ರೈಲಿನಲ್ಲಿ ಕಲಬುರಗಿಗೆ ಬಂದು ಸೇರಿಕೊಳ್ಳಬಹುದು. ಕ್ಯಾಮೆರಾ ಚೀಲ ಡಿಕ್ಕಿಗೆ ಹಾಕದೆ ತೊಡೆ ಮೇಲಿರಲಿ.

ಸಾಮಾನು ಕಡಿಮೆ ಸಾಕು: 18–55 ಮಿ.ಮೀ. ಲೆನ್ಸ್, ಗಟ್ಟಿ ಟ್ರೈಪಾಡ್, 6 ಸ್ಟಾಪಿನ ಒಂದು ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು), ಎರಡು ಬ್ಯಾಟರಿ, ಗಾಳಿ ಊದುವ ಬ್ಲೋವರ್, ನಾಲ್ಕು ಮೈಕ್ರೋಫೈಬರ್ ಬಟ್ಟೆ, ಟಾರ್ಚು, ಒಂದು ಬಾಟಲಿ ಸಿಹಿನೀರು. ಬಟ್ಟೆ ನಾಲ್ಕು ಬೇಕೇ ಬೇಕು, ಉಪ್ಪುನೀರಿನ ಹನಿ ಒಂದೇ ತಾಸಿನಲ್ಲಿ ಎರಡನ್ನು ಕೆಡಿಸುತ್ತದೆ.

ಗೋಕರ್ಣ ಪೇಟೆಯಿಂದ ಓಂ ಬೀಚಿಗೆ ಆಟೊ ಸಿಗುತ್ತದೆ. ಕತ್ತಲಾದ ಮೇಲೆ ವಾಪಸಾಗಲು ಅದೇ ಆಟೊದವರೊಡನೆ ಮಾತಾಡಿಕೊಳ್ಳಿ. ಮೆಟ್ಟಿಲಿಳಿದರೆ ಎರಡು ಅರ್ಧಚಂದ್ರಗಳಂಥ ಮರಳದಂಡೆ, ನಡುವೆ ಕಡಲಿಗೆ ಚಾಚಿದ ಬಂಡೆಗಳು. ಸೂರ್ಯಾಸ್ತಕ್ಕೆ ಒಂದು ತಾಸು ಮೊದಲೇ ತಲುಪಿ. ಮೊದಲ ಹತ್ತು ನಿಮಿಷ ಕ್ಯಾಮೆರಾ ತೆಗೆಯದೆ ಅಲೆ ಮಾತ್ರ ನೋಡಿ. ಬಂಡೆಯ ಮೇಲೆ ಒದ್ದೆ ಗೆರೆ ಎಲ್ಲಿದೆಯೋ ದೊಡ್ಡ ಅಲೆ ಅಲ್ಲಿಯವರೆಗೆ ಬರುತ್ತದೆ. ನೀವು ಅದರ ಮೇಲಿರಬೇಕು. ಹಸಿರು ಪಾಚಿ ಕಂಡ ಕಡೆ ಕಾಲಿಡಬೇಡಿ. ಇಳಿತ ಮುಗಿದು ನೀರು ಏರತೊಡಗಿದರೆ ಬಂದ ದಾರಿಯೇ ಮುಳುಗಬಹುದು, ಆಗಾಗ ಹಿಂದಿರುಗಿ ನೋಡುತ್ತಿರಿ.

ಟ್ರೈಪಾಡಿನ ಕಾಲುಗಳನ್ನು ಮರಳಿನಲ್ಲಿ ಬಲವಾಗಿ ಒತ್ತಿ. ಒಂದು ಅಲೆ ಬಂದು ಹೋದಮೇಲೆ ಅದು ಮತ್ತೆ ಒಂದಿಷ್ಟು ಕುಸಿಯುತ್ತದೆ, ಆಗ ದಿಗಂತ ವಾಲುತ್ತದೆ. ಮತ್ತೆ ಒತ್ತಿ, ಮಟ್ಟ ನೋಡಿ, ನಂತರವೇ ಚಿತ್ರ. ಅಲೆ ಕಾಲಿಗೆ ಬಡಿಯುತ್ತಿರುವಾಗ ತೆಗೆದ ಚಿತ್ರದಲ್ಲಿ ಬಂಡೆಯೂ ಮಸುಕಾಗುತ್ತದೆ. ಟ್ರೈಪಾಡ್ ಮೇಲೆ ಲೆನ್ಸಿನ ಸ್ಟೆಬಿಲೈಸರ್ (ಕೈನಡುಕ ತಡೆಯುವ ವ್ಯವಸ್ಥೆ) ಆಫ್ ಮಾಡಿ. ಎರಡು ಸೆಕೆಂಡಿನ ಟೈಮರ್ ಹಾಕಿ.

ಫೋಕಸ್‌ಗೆ ಹೀಗೆ: 18 ಮಿ.ಮೀ., ಎಫ್/11 ಇಟ್ಟು ಒಂದೂವರೆ ಮೀಟರ್ ದೂರದ ಕಲ್ಲಿಗೆ ಆಟೊಫೋಕಸ್ ಮಾಡಿ, ಕೂಡಲೇ ಲೆನ್ಸಿನ ಗುಂಡಿಯನ್ನು ಮ್ಯಾನುವಲ್‌ಗೆ ಸರಿಸಿ. 18–55 ಲೆನ್ಸಿನ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ ಎಪಿಎಸ್–ಸಿ ಅಳತೆಯ ಸೆನ್ಸರಿನಲ್ಲಿ ಮುಕ್ಕಾಲು ಮೀಟರಿನಿಂದ ದಿಗಂತದವರೆಗೆ ಚೊಕ್ಕವಾಗಿ ಬರುತ್ತದೆ. ಇನ್ನೂ ಚೊಕ್ಕವಾಗಲೆಂದು ಎಫ್/22ಕ್ಕೆ ಹೋಗಬೇಡಿ. ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ.

ಐಎಸ್‌ಒ 100, ಎಫ್/11 ಕದಲಿಸದೆ ಶಟರ್ ಒಂದನ್ನೇ ತಿರುಗಿಸಿ. ಆಕಾಶ ಶುಭ್ರವಿದ್ದರೆ ಅಂದಾಜು ಹೀಗೆ: ಸೂರ್ಯ ದಿಗಂತ ಮುಟ್ಟುವಾಗ 1/30, ಏಳು ನಿಮಿಷಕ್ಕೆ 1/8, ಹದಿನಾಲ್ಕಕ್ಕೆ ಅರ್ಧ ಸೆಕೆಂಡು, ಇಪ್ಪತ್ತೊಂದಕ್ಕೆ ಎರಡು ಸೆಕೆಂಡು. ಇವು ಪ್ರಾರಂಭದ ಅಂಕಿಗಳು ಮಾತ್ರ. ಪ್ರತಿ ಚಿತ್ರದ ಹಿಸ್ಟೋಗ್ರಾಂ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆಯೆಂದು ತೋರಿಸುವ ನಕ್ಷೆ) ನೋಡಿ. ರಾಶಿ ಬಲಗೋಡೆಗೆ ಒತ್ತಿಕೊಂಡಿದ್ದರೆ ನೊರೆಯ ವಿವರ ಸುಟ್ಟಿದೆ, ಎರಡು ಕಟ್ ವೇಗ ಹೆಚ್ಚಿಸಿ. ಬಂಡೆಯ ಕಪ್ಪನ್ನು ರಾ ಫೈಲಿನಿಂದ (ಸೆನ್ಸರಿನ ಕಚ್ಚಾ ಕಡತ) ಆಮೇಲೆ ಎತ್ತಬಹುದು, ಸುಟ್ಟ ಬಿಳಿ ಮರಳಿ ಬಾರದು. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ‘ಡೇಲೈಟ್’ನಲ್ಲೇ ಇರಲಿ. ಆಟೊದಲ್ಲಿಟ್ಟರೆ ಸಂಜೆಯ ಕೆಂಪನ್ನು ಕ್ಯಾಮೆರಾ ‘ತಿದ್ದಿ’ ತೆಗೆದುಹಾಕುತ್ತದೆ.

ನಮ್ಮ ಮಟ್ಟಿಗೆ ಅತ್ಯಂತ ಸೊಗಸಿನ ಶಟರ್ 1/4ರಿಂದ ಅರ್ಧ ಸೆಕೆಂಡು. ಅಲೆ ಬಂದು ಬಡಿದಾಗ ಒತ್ತಬೇಡಿ. ಅದು ನಿಂತು, ಹಿಂದೆ ಸರಿಯಲು ಶುರುಮಾಡಿದ ಕ್ಷಣ ಒತ್ತಿ. ಆಗ ನೊರೆ ಬಂಡೆಯ ಸುತ್ತ ಎಳೆ ಎಳೆಯಾಗಿ, ಮಗ್ಗದ ನೂಲಿನಂತೆ ಹಾಯುತ್ತದೆ. ಸೂರ್ಯಾಸ್ತಕ್ಕೆ ಮುಂಚೆ ಇದೇ ಬೇಕಾದರೆ ಎನ್‌ಡಿ ಹಾಕಿ: 6 ಸ್ಟಾಪ್ ಎಂದರೆ 64 ಪಟ್ಟು, 1/60 ಇದ್ದದ್ದು ಒಂದು ಸೆಕೆಂಡಾಗುತ್ತದೆ. ಅರ್ಧ ಸೆಕೆಂಡೇ ಬೇಕಿದ್ದರೆ ಕಿಂಡಿಯನ್ನು ಒಂದು ಸ್ಟಾಪ್ ತೆರೆದು ಎಫ್/8ಕ್ಕೆ ಬನ್ನಿ. ಕಡಲನ್ನು ಮಂಜಿನಂತೆ ಮಾಡುವ 30 ಸೆಕೆಂಡಿನ ಚಿತ್ರ ತೆಗೆಯುವವರು ‘ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್’ (ದೀರ್ಘ ಹೊತ್ತಿನ ಚಿತ್ರದ ಚುಕ್ಕೆ ಅಳಿಸುವ ಸೌಲಭ್ಯ) ಆಫ್ ಮಾಡಲೇಬೇಕು. ಇಲ್ಲವಾದರೆ ಕ್ಯಾಮೆರಾ ಇನ್ನೊಂದು 30 ಸೆಕೆಂಡು ಸುಮ್ಮನೆ ಕೂರುತ್ತದೆ, ಬೆಳಕು ಕಾಯುವುದಿಲ್ಲ.

ಲೆನ್ಸಿಗೆ ಹನಿ ಬಿದ್ದರೆ ಒಣಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಹರಳು ಗೀರುತ್ತದೆ. ಮೊದಲು ಬ್ಲೋವರ್, ಆಮೇಲೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಕೊನೆಗೆ ಒಣಬಟ್ಟೆ. ದಂಡೆಯಲ್ಲಿ ಲೆನ್ಸ್ ಬದಲಿಸಬೇಡಿ. ಒಣಹವೆಯ ಊರಿನಿಂದ ಹೋದವರಿಗೆ ಗೊತ್ತಾಗದ ಇನ್ನೊಂದು ಸಂಗತಿ: ಎ.ಸಿ. ಕೋಣೆಯಿಂದ ನೇರ ಹೊರಗೆ ತಂದ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಹೊರಗೆ ಬಂದ ಮೇಲೂ ಅರ್ಧ ತಾಸು ಚೀಲದ ಜಿಪ್ ಮುಚ್ಚಿಯೇ ಇರಲಿ.

ರಾತ್ರಿ ಕೋಣೆಗೆ ಮರಳಿದ ಕೂಡಲೇ ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಎಳೆದು ಬಕೆಟ್ ಸಿಹಿನೀರಿನಲ್ಲಿ ತೊಳೆಯಿರಿ, ಲಾಕ್‌ಗಳ ಸಂದಿಯ ಮರಳು ತೆಗೆಯಿರಿ. ಮಡಚದೆ, ಬೆಳಗಿನವರೆಗೆ ಫ್ಯಾನ್ ಕೆಳಗೆ ಆರಲು ಬಿಡಿ.