ಕೆಂಪು ಇಪ್ಪತ್ತನಾಲ್ಕು, ಕಪ್ಪು ಇಪ್ಪತ್ತನಾಲ್ಕು

ರಾತ್ರಿ ಒಂದೂಮುಕ್ಕಾಲಿಗೆ ಫೋನ್ ಬಂದರೆ ನಮ್ಮ ಕಸುಬಿನವರಿಗೆ ಎದೆ ಧಸಕ್ಕೆನ್ನುತ್ತದೆ. ಆ ಜೂನ್‌ನಲ್ಲಿ ಕರೆ ಮಾಡಿದವರು ದಾವಣಗೆರೆಯ ನಿವೃತ್ತ ಮೇಷ್ಟ್ರು. ಇಟಲಿಯ ಜಿನೋವಾದಲ್ಲಿ ಆಗ ರಾತ್ರಿ ಹತ್ತೂಕಾಲು. “ಏನಮ್ಮಾ, ಇಪ್ಪತ್ತನಾಲ್ಕನೇ ನಂಬರಿನ ಮುಂದೆಯೇ ನಿಂತಿದ್ದೇವೆ. ಇದು ಕ್ಷೌರದ ಅಂಗಡಿ, ಬಾಗಿಲು ಹಾಕಿದೆ” ಎಂದರು. ಹಿಂದಿನಿಂದ ಅವರ ಶ್ರೀಮತಿಯವರ ದನಿ: “ಕೂರುವುದಕ್ಕೆ ಒಂದು ಜಗಲಿಯೂ ಇಲ್ಲ ಈ ಊರಿನಲ್ಲಿ.”

ಆ ಕೋಣೆ ಕಾಯ್ದಿರಿಸಿದವಳು ನಾನು. ಬೆಂಗಳೂರಿನ ಸಣ್ಣ ಪ್ರವಾಸ ಸಂಸ್ಥೆಯೊಂದರಲ್ಲಿ ಯುರೋಪಿನ ಟಿಕೆಟ್, ಹೋಟೆಲು ನೋಡಿಕೊಳ್ಳುವುದು ನನ್ನ ಕೆಲಸ. ಮರುದಿನ ಅವರು ಕ್ರೂಸ್ ಹಡಗು ಹತ್ತಬೇಕಿತ್ತು. ಪ್ರಿಂಚಿಪೆ ರೈಲು ನಿಲ್ದಾಣಕ್ಕೂ ಹತ್ತಿರ, ಹಡಗುಕಟ್ಟೆಗೂ ಹತ್ತಿರ, ಬಾಡಿಗೆಯೂ ಕಡಿಮೆ. “ಏಳುನೂರು ಮೀಟರ್, ನಡೆದೇ ಹೋಗಬಹುದು ಸರ್” ಎಂದು ನಕ್ಷೆ ನೋಡಿ ಹೇಳಿಬಿಟ್ಟಿದ್ದೆ.

ನಕ್ಷೆಯಲ್ಲಿ ಜಿನೋವಾ ಅಂಗೈಯಂತೆ ಸಮತಟ್ಟು. ಊರಾದರೋ ಗುಡ್ಡಕ್ಕೂ ಸಮುದ್ರಕ್ಕೂ ನಡುವೆ ಇರುಕಿಕೊಂಡಿದೆ. ಬಂದರಿಗೆ ಅಂಟಿದ ಹಳೆಯ ಪೇಟೆಯ ಓಣಿಗಳಿಗೆ ಅಲ್ಲಿಯವರು ಕರುಜ್ಜಿ ಎನ್ನುತ್ತಾರೆ. ಕೆಲವು ಕಡೆ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಟ್ಯಾಕ್ಸಿ ಒಳಗೆ ಬರುವುದಿಲ್ಲ. ಎತ್ತರದ ಮನೆಗಳ ನಡುವೆ ಮೊಬೈಲಿನ ನೀಲಿ ಚುಕ್ಕೆ ಪಕ್ಕದ ಓಣಿಗೆ ನೆಗೆಯುತ್ತದೆ.

ಬಾಗಿಲಿನ ಫೋಟೊ ಕಳುಹಿಸಲು ಹೇಳಿದೆ. ಗೋಡೆಯಲ್ಲಿ ಸಣ್ಣ ಫಲಕ, ಅದರಲ್ಲಿ 24, ಬಣ್ಣ ಕೆಂಪು. ಆಗ ನೆನಪಾಯಿತು. ಜಿನೋವಾದಲ್ಲಿ ಒಂದೇ ಬೀದಿಗೆ ಎರಡು ಎಣಿಕೆ: ಅಂಗಡಿಗಳಿಗೆ ಕೆಂಪು ಸಂಖ್ಯೆ, ಮನೆಗಳಿಗೆ ಕಪ್ಪು. ಎರಡೂ ತಮ್ಮ ಪಾಡಿಗೆ ತಾವು ಸಾಗುತ್ತವೆ. ಕೆಂಪು 24 ಇಲ್ಲಿದ್ದರೆ ಕಪ್ಪು 24 ಎಷ್ಟೋ ಬಾಗಿಲು ಆಚೆಗೆ. ವಿಳಾಸದಲ್ಲಿ ಅಂಕಿಯ ಜೊತೆ ‘ಆರ್’ ಅಕ್ಷರವಿದ್ದರೆ ಅದು ರೊಸ್ಸೊ, ಅಂದರೆ ಕೆಂಪು. ನಮ್ಮ ಚೀಟಿಯಲ್ಲಿ ಆ ಅಕ್ಷರವಿರಲಿಲ್ಲ. “ಸರ್, ಕಪ್ಪು ಅಂಕಿ ಹುಡುಕಿ” ಎಂದೆ.

ಸಿಕ್ಕಿತು. ಆದರೆ ಕೋಣೆಯಿದ್ದದ್ದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹಳೆಯ ಕಟ್ಟಡ, ಆಳೆತ್ತರಕ್ಕೆ ಎರಡು ಪಟ್ಟು ಮೀರಿದ ಅಂತಸ್ತುಗಳು, ತೊಂಬತ್ತೊಂದು ಮೆಟ್ಟಿಲು. ಎಣಿಸಿದವರು ಅಮ್ಮ, ಮೇಷ್ಟ್ರ ಶ್ರೀಮತಿ. ಅವರ ಮಂಡಿಗೆ ಹಿಂದಿನ ವರ್ಷ ಶಸ್ತ್ರಚಿಕಿತ್ಸೆಯಾಗಿತ್ತು. ನಾನು ಕೇಳಿಯೇ ಇರಲಿಲ್ಲ. ಹೋಟೆಲಿನ ವಿವರದಲ್ಲಿ ಲಿಫ್ಟಿನ ಮಾತೇ ಇರಲಿಲ್ಲ. ಮಾತಿಲ್ಲದಿದ್ದರೆ ಲಿಫ್ಟೂ ಇಲ್ಲವೆಂದೇ ಓದಿಕೊಳ್ಳಬೇಕು ಎಂಬುದು ಆ ರಾತ್ರಿ ತಲೆಗೆ ಹತ್ತಿತು.

“ನಮ್ಮಲ್ಲೂ ಹಳೇ ನಂಬರು, ಹೊಸ ನಂಬರು ಇಲ್ಲವೇ, ಬಿಡಮ್ಮಾ” ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಅಮ್ಮ ಫೋನ್ ತೆಗೆದುಕೊಳ್ಳಲಿಲ್ಲ. ಅವರ ಕೋಪ ನ್ಯಾಯವಾದದ್ದೇ.

ಮರುವರ್ಷ ಕೆಲಸದ ನೆಪದಲ್ಲಿ ನಾನೇ ಹೋದೆ, ಬೇಕೆಂದೇ ದೊಡ್ಡ ಸೂಟ್‌ಕೇಸ್ ಹಿಡಿದು. ಬಂದರು ಎಂಬ ಒಂದೇ ಮಾತಿಗೆ ಅಲ್ಲಿ ಮೂರು ಜಾಗಗಳಿವೆ. ಕ್ರೂಸ್ ಹಡಗುಗಳ ಕಟ್ಟೆ ಪ್ರಿಂಚಿಪೆಯ ಕೆಳಗೆ. ಸಾರ್ಡಿನಿಯಾ, ಸಿಸಿಲಿಯ ಫೆರಿಗಳು ಇನ್ನೂ ಪಶ್ಚಿಮಕ್ಕೆ, ದಿನೆಗ್ರೊ ಮೆಟ್ರೊ ನಿಲ್ದಾಣದ ಕಡೆ. 1992ರ ಪ್ರದರ್ಶನಕ್ಕೆಂದು ವಾಸ್ತುಶಿಲ್ಪಿ ರೆಂಜೊ ಪಿಯಾನೊ ಹೊಸರೂಪ ಕೊಟ್ಟ ಹಳೆಯ ಬಂದರು ಅಕ್ವೇರಿಯಂ ನೋಡುವವರಿಗೆ, ಅಡ್ಡಾಡುವವರಿಗೆ. ಅದಕ್ಕೂ ಹಳೆಯ ಪೇಟೆಗೂ ನಡುವೆ ಮೇಲ್ಸೇತುವೆ ರಸ್ತೆ ಹಾದುಹೋಗುತ್ತದೆ. ಅಲ್ಲಿ ಸಮುದ್ರ ಕಾಣುವ ಕಿಟಕಿ ಕೇಳಿದವರಿಗೆ ವಾಹನಗಳ ಸದ್ದು ಬಿಟ್ಟಿ.

ವಯಸ್ಸಾದವರನ್ನು ಈಗ ಪೂರ್ವದ ಬ್ರಿನ್ಯೋಲೆ ನಿಲ್ದಾಣದ ಬಳಿ ಇಳಿಸುತ್ತೇನೆ. ಅಗಲ ಬೀದಿ, ಬಾಗಿಲಿಗೇ ಟ್ಯಾಕ್ಸಿ. ಅಂದ ಸ್ವಲ್ಪ ಕಡಿಮೆ, ಇರಲಿ. ನಾಲ್ಕು ದಿನ ಸುಮ್ಮನೆ ಕಡಲು ನೋಡುವವರಿಗೆ ಊರಿನ ಪೂರ್ವದಂಚಿನ ಕಡಲತಡಿಯ ನೆರ್ವಿ. ಕಾಸ್ತೆಲ್ಲೆತ್ತೊ ಗುಡ್ಡಕ್ಕೆ ಸಾರ್ವಜನಿಕ ಲಿಫ್ಟೇ ಇದೆ, ಮೇಲೆ ನಿಂತರೆ ಸ್ಲೇಟು ಕಲ್ಲಿನ ಮಾಡುಗಳಾಚೆ ಹಡಗುಗಳು. ಆದರೆ ಲಿಫ್ಟ್ ಕೆಟ್ಟ ದಿನ ಮೆಟ್ಟಿಲೇ ಗತಿ, ಹಾಗಾಗಿ ಹುಡುಗರಿಗೆ ಮಾತ್ರ. ಕರುಜ್ಜಿಯನ್ನೂ ಪಟ್ಟಿಯಿಂದ ತೆಗೆದಿಲ್ಲ. ಸೌದೆ ಒಲೆಯಿಂದ ಬಿಸಿಬಿಸಿಯಾಗಿ ಬರುವ ಫರಿನಾತಾ ಸಿಗುವುದು ಆ ಓಣಿಗಳಲ್ಲೇ: ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ನಮ್ಮ ಸಸ್ಯಾಹಾರಿಗಳು ಎರಡೆರಡು ತಟ್ಟೆ ತಿನ್ನುತ್ತಾರೆ.

ಇದೇ ಊರಿನ ಸರ್ಕಾರ 1576ರಲ್ಲಿ ಒಂದು ಪಟ್ಟಿ ಮಾಡಿತ್ತು, ರೋಲ್ಲಿ ಎಂದು. ರಾಜ್ಯದ ಅತಿಥಿಗಳು ಬಂದರೆ ಯಾವ ಅರಮನೆಯಲ್ಲಿ ಇಳಿಸಬೇಕೆಂಬುದು ಅತಿಥಿಯ ದರ್ಜೆ ನೋಡಿ ನಿರ್ಧಾರವಾಗುತ್ತಿತ್ತು. ಆ ಅರಮನೆಗಳಲ್ಲಿ 42 ಈಗ ಯುನೆಸ್ಕೊ ಪಟ್ಟಿಯಲ್ಲಿವೆ. ನನ್ನ ಪಟ್ಟಿಯಲ್ಲಿ ದರ್ಜೆಯ ಜಾಗದಲ್ಲಿ ಮಂಡಿ ಬಂದು ಕೂತಿದೆ. ಯಾರೇ ಕರೆ ಮಾಡಲಿ, ಮನೆಯಲ್ಲಿ ದಿನಕ್ಕೆ ಎಷ್ಟು ಮೆಟ್ಟಿಲು ಹತ್ತುತ್ತೀರಿ, ಆ ಊರಿಗೆ ಎಷ್ಟು ಹೊತ್ತಿಗೆ ತಲುಪುತ್ತೀರಿ, ಚೀಲ ಯಾರು ಎತ್ತುತ್ತಾರೆ ಎಂದು ಕೇಳುತ್ತೇನೆ. ಕೆಲವರು ನಗುತ್ತಾರೆ.

ಮೇಷ್ಟ್ರು ಈ ಸಲ ವೆನಿಸ್ ಎಂದಿದ್ದಾರೆ, ಅಮ್ಮನೂ ಒಪ್ಪಿದ್ದಾರಂತೆ. ರೈಲು ನಿಲ್ದಾಣದಿಂದ ಹೋಟೆಲಿನವರೆಗೆ ಎಷ್ಟು ಸೇತುವೆ, ಒಂದೊಂದಕ್ಕೆ ಎಷ್ಟು ಮೆಟ್ಟಿಲು ಎಂದು ಬೆಳಗಿನಿಂದ ಎಣಿಸುತ್ತಾ ಕೂತಿದ್ದೇನೆ.